ನಾಲ್ಕು ಕೈಗೆ ಒಂದು ಪಿಸ್ತೂಲು

ಮೊದಲೇ ಹೇಳಿಬಿಡ್ತೀವಿ, ಇದು ಸಿನಿಮಾದ ಪಿಸ್ತೂಲಿನ ಕಥೆ ಅಲ್ಲ. ಗಾಳಿಯ ಒತ್ತಡದಿಂದ ಹಾರಿಸುವ, ಕಾಗದದ ಗುರಿಗೆ ಹೊಡೆಯುವ ಏರ್ ಪಿಸ್ತೂಲಿನ ಕಥೆ. ಅದನ್ನು ಆರಿಸುವಾಗ ನಾವು ಮಾಡಿದ ತಪ್ಪಿನ ಕಥೆ ಅಂದರೂ ಸರಿ.

ನಾವು ಅಂದ್ರೆ ನಾಲ್ವರು. ಒಬ್ಬ ಜಮಖಂಡಿಯವ, ಒಬ್ಬ ಮುಧೋಳದವ, ಒಬ್ಬ ಬೀಳಗಿಯವ, ಒಬ್ಬ ಬನಹಟ್ಟಿಯವ. ಹಾಸ್ಟೆಲ್‌ನಲ್ಲಿ ನಮ್ಮನ್ನು ಯಾರೂ ಹೆಸರು ಹಿಡಿದು ಕರೆಯೋದಿಲ್ಲ, ಊರು ಹಿಡಿದೇ ಕರೀತಾರೆ. ಇಲ್ಲೂ ಹಾಗೇ ಬರೀತೀವಿ. ಬರೆಯುವವನು ಒಬ್ಬನೇ, ಆದರೆ ಬೀಳಗಿಯವನೂ ಸೇರಿ ನಾಲ್ವರೂ ಓದಿ, ತಿದ್ದಿ, ಹೂಂ ಅಂದ ಮೇಲೇ ಕಳಿಸಿದ್ದೀವಿ.

ಶುರುವಾಗಿದ್ದು ಬನಹಟ್ಟಿಯ ಜಾತ್ರೆಯಲ್ಲಿ. ಬಲೂನ್ ಹೊಡೆಯುವ ಅಂಗಡಿ ಎಲ್ಲ ಜಾತ್ರೆಯಲ್ಲೂ ಇರ್ತದಲ್ಲ, ಹಲಗೆಗೆ ಸಾಲಾಗಿ ಬಲೂನ್ ಕಟ್ಟಿ, ಹಳೇ ಏರ್ ಗನ್ ಕೈಗೆ ಕೊಡ್ತಾರಲ್ಲ, ಅದೇ. ನಾವು ಮೂವರು ಹತ್ತು ಗುಂಡಿಗೆ ಮೂರೋ ನಾಲ್ಕೋ ಒಡೆದೆವು. ಬೀಳಗಿಯವ ಬಂದೂಕನ್ನು ಎಡ ಹೆಗಲಿಗೆ ಇಟ್ಟುಕೊಂಡು ಏಳು ಒಡೆದ. "ಲೇ ಎಡಚಾ, ತಿರುವಿ ಹಿಡದೂ ಹೊಡೀತಿಯಲ್ಲಲೇ!" ಅಂತ ನಕ್ಕೆವು. ಆಮೇಲೆ ಗಿರಮಿಟ್ ತಿಂದು ಮನೆಗೆ ಹೋದೆವು. ಅವನು ಎಡಗೈಯವ ಅನ್ನೋದು ನಮಗೆ ಅವತ್ತೇ ಗೊತ್ತಿತ್ತು, ಇದನ್ನ ನೆನಪಿಟ್ಟುಕೊಳ್ಳಿ.

ಅದೇ ಹೊತ್ತಿನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ವಿಡಿಯೋಗಳು ಫೋನ್ ತುಂಬ ಓಡಾಡ್ತಿದ್ದವು. 2024ರಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಒಂದು ಕಂಚು, ಸರಬ್ಜೋತ್ ಸಿಂಗ್ ಜೊತೆ ಇನ್ನೊಂದು ಕಂಚು ತಂದರು. ರೈಫಲ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರು. 2018ರ ಏಷ್ಯನ್ ಗೇಮ್ಸ್‌ನಲ್ಲಿ 25 ಮೀಟರ್ ಪಿಸ್ತೂಲಿಗೆ ಚಿನ್ನ ತಂದ ರಾಹಿ ಸರ್ನೋಬತ್ ಕೂಡ ಕೊಲ್ಹಾಪುರದವರೇ. ಕೊಲ್ಹಾಪುರ ಅಂದ್ರೆ ನಮ್ಮ ಕಡೆಯವರು ದವಾಖಾನೆಗೆ, ಮಹಾಲಕ್ಷ್ಮಿ ಗುಡಿಗೆ ಹೋಗಿ ಬರೋ ಊರು. ನಮ್ಮ ರಾಜ್ಯದ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿಗೆ ಬೆಳ್ಳಿ ಗೆದ್ದವರು. ಇಷ್ಟೆಲ್ಲ ನೋಡಿದ ಮೇಲೆ, ಒಂದು ಪಿಸ್ತೂಲು ತಗೊಂಡು ರವಿವಾರ ರವಿವಾರ ಹೊಡೆದರೆ ಏನು ತಪ್ಪು ಅನ್ನಿಸಿತು. ತಲೆಗೆ 2,500 ರೂಪಾಯಿ, ಒಟ್ಟು 10,000. ಇದೇ ನಮ್ಮ ಬಜೆಟ್.

ಮನೆಯಲ್ಲಿ ಹೇಳಿದಾಗ ಮೊದಲು ಎದ್ದ ಪ್ರಶ್ನೆ ಲೈಸೆನ್ಸಿನದು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ 21 ವರ್ಷ ತುಂಬದವರಿಗೆ ಬಂದೂಕಿನ ಲೈಸೆನ್ಸ್ ಸಿಗೋದಿಲ್ಲ. ನಮಗೆ 19. ಆದರೆ 2016ರ ನಿಯಮಗಳಲ್ಲಿ ಏರ್ ಗನ್‌ಗೆ ಒಂದು ಗೆರೆ ಹಾಕಿದ್ದಾರೆ: ನಳಿಗೆಯ ಅಳತೆ 0.177 ಇಂಚು, ಅಂದರೆ 4.5 ಮಿ.ಮೀ. ದಾಟಬಾರದು, ಗುಂಡಿನ ಶಕ್ತಿ 20 ಜೂಲ್ ದಾಟಬಾರದು. ಅದರೊಳಗಿದ್ದರೆ ಲೈಸೆನ್ಸ್ ಬೇಡ. ನಾವು ಲೆಕ್ಕ ಹಾಕಿದೆವು. ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೋದರೆ ಸುಮಾರು 5.6 ಜೂಲ್. ಗೆರೆಯೊಳಗೆ ಆರಾಮಾಗಿ ಇದೆ. ಹಾಗಂತ ಅದು ಆಟಿಕೆಯಲ್ಲ, ಒಂದು ಕಣ್ಣು ಹೋಗಲು 5.6 ಜೂಲ್ ಬೇಕಾದಷ್ಟಾಯ್ತು. ಅದಕ್ಕೇ ಪಿಸ್ತೂಲಿಗಿಂತ ಮೊದಲು ನಾಲ್ಕು ಕನ್ನಡಕ ಕೊಂಡೆವು.

ಮುಧೋಳದವನ ಅಜ್ಜನ ಹತ್ತಿರ ಕಬ್ಬಿನ ಹೊಲಕ್ಕೆ ಬರುವ ಹಂದಿ ಓಡಿಸಲು ಲೈಸೆನ್ಸ್ ಇರುವ ಒಂಟಿ ನಳಿಗೆಯ ಬಂದೂಕು ಇದೆ. ಚುನಾವಣೆ ಬಂತಂದ್ರೆ ಅದನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತಿರುಗಿ ತರೋದು ಅವರಿಗೆ ರೂಢಿ. ನಮ್ಮ ವಿಚಾರ ಕೇಳಿ ಅಜ್ಜ ಹಲಗಲಿಯ ಕಥೆ ತೆಗೆದರು. ಹಲಗಲಿ ಮುಧೋಳ ತಾಲ್ಲೂಕಿನ ಊರು. 1857ರಲ್ಲಿ ಇಂಗ್ಲಿಷರು ಆಯುಧ ಇಟ್ಟುಕೊಳ್ಳಲು ಪರವಾನಗಿ ಬೇಕು, ಇಲ್ಲವಾದರೆ ಒಪ್ಪಿಸಬೇಕು ಅಂತ ಹುಕುಂ ಹೊರಡಿಸಿದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ಜಡಗ, ಬಾಲ, ಹನುಮ, ರಾಮ ಅಂತ ಮುಂದಾಳುಗಳು. ನವೆಂಬರ್‌ನಲ್ಲಿ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರ್‌ನಲ್ಲಿ 19 ಜನರನ್ನು ಮುಧೋಳದಲ್ಲಿ, ಹಲಗಲಿಯಲ್ಲಿ ಗಲ್ಲಿಗೇರಿಸಿದರು. ಇಂಗ್ಲಿಷ್ ಮೀಡಿಯಂನಲ್ಲಿ ಕಲಿತ ನಾವು 1857 ಅಂದ್ರೆ ಮೀರತ್, ಝಾನ್ಸಿ ಅಂತಲೇ ಬರೆದು ಮಾರ್ಕ್ಸ್ ತಗೊಂಡವರು. ಅಲ್ಲೇ ಪಕ್ಕದ ಊರಿನದು ಲಾವಣಿಯಾಗಿ ಹಾಡ್ತಾರೆ ಅಂತ ಮಾತ್ರ ಗೊತ್ತಿತ್ತು, ಜಗಳ ಯಾತಕ್ಕೆ ಅಂತ ಗೊತ್ತಿರಲಿಲ್ಲ.

ನಮ್ಮಲ್ಲೊಬ್ಬ ಹುರುಪಿನಿಂದ, "ಅಂದ್ರ ನಮ್ಮ ಕಡೆಯವರಿಗೆ ಆಯುಧ ಅಂದ್ರ ಪ್ರಾಣ ಅಲ್ಲೇನ್ರಿ ಅಜ್ಜಾರ" ಅಂದ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೆ ಅದು ಹೊಟ್ಟಿಪಾಡು ಇತ್ತಪಾ, ಬ್ಯಾಟಿ ಆಡಿ ಬದುಕೋರು. ನಿಮಗ ಯಾತಕ್ಕ ಬೇಕು, ಯಾರ ಕೈಗೆ ಬೇಕು, ಅದನ್ನ ಮೊದಲ ಹೇಳ್ರಿ" ಅಂದರು. ಯಾತಕ್ಕೆ ಅನ್ನೋದಕ್ಕೆ ನಮ್ಮ ಹತ್ತಿರ ಉತ್ತರ ಇತ್ತು, ಗುರಿ ಹೊಡೀಲಿಕ್ಕೆ. ಯಾರ ಕೈಗೆ ಅನ್ನೋದನ್ನು ನಾವು ಪ್ರಶ್ನೆ ಅಂತಲೇ ತಿಳಿಯಲಿಲ್ಲ. ನಾಲ್ವರ ಕೈಗೆ, ಮತ್ತೆ ಇನ್ಯಾರ ಕೈಗೆ?

ಮುಂದಿನ ಎರಡು ವಾರ ಬರೀ ವಾದ. ಜಮಖಂಡಿಯವನಿಗೆ ಸಿಲಿಂಡರ್ ಮೇಲೆ ನಡೆಯೋ ಪಿಸ್ತೂಲು ಬೇಕು. ಹೊರಗಿನಿಂದ ಥೇಟ್ ಪೊಲೀಸರ ಪಿಸ್ತೂಲಿನ ಹಾಗೆ, ಒಳಗೆ 12 ಗ್ರಾಂ ಕಾರ್ಬನ್ ಡೈಆಕ್ಸೈಡಿನ ಸಣ್ಣ ಸಿಲಿಂಡರ್, ಹಾರಿಸಿದರೆ ಮೇಲಿನ ಭಾಗ ಹಿಂದೆ ಮುಂದೆ ಓಡ್ತದೆ. ರೀಲ್ಸ್‌ಗೆ ಬೆಸ್ಟ್. ಆದರೆ ಅಂಥವುಗಳಲ್ಲಿ ಹೆಚ್ಚಿನವು ಹಾರಿಸೋದು ದುಂಡನೆಯ ಉಕ್ಕಿನ ಗುಂಡು. ನಳಿಗೆಯೊಳಗೆ ಸುರುಳಿ ಗೀರು ಇರೋದಿಲ್ಲ, ಹಾಗಾಗಿ ಗುಂಡು ತನ್ನ ಸುತ್ತ ತಿರುಗೋದಿಲ್ಲ, ನೆಟ್ಟಗೂ ಹೋಗೋದಿಲ್ಲ. ಗಟ್ಟಿ ಗೋಡೆಗೆ ಬಡಿದರೆ ನಮ್ಮ ಕಡೆಗೇ ಪುಟಿಯಬಹುದು. ಬೇಗ ಬೇಗ ಹೊಡೆದರೆ ಸಿಲಿಂಡರ್ ತಣ್ಣಗಾಗಿ ಒತ್ತಡವೂ ಇಳೀತದೆ. ಸಿಲಿಂಡರ್ ಖರ್ಚು ಬೇರೆ. ಸ್ಪರ್ಧೆಯವರು ಬಳಸುವ ಸ್ಟೈರ್, ಮೊರೀನಿ, ಪಾರ್ದೀನಿ ಕಂಪನಿಗಳ ಪಿಸ್ತೂಲಿನ ಬೆಲೆ ಲಕ್ಷ ದಾಟ್ತದೆ, ಅದನ್ನು ಫೋಟೋದಲ್ಲಿ ನೋಡಿ ಮುಚ್ಚಿಟ್ಟೆವು. ಉಳಿದದ್ದು ಸ್ಪ್ರಿಂಗ್ ಪಿಸ್ತೂಲು. ನಳಿಗೆಯನ್ನು ಮಡಚಿ ಸ್ಪ್ರಿಂಗ್ ಒತ್ತಿ, ಒಂದು ಪೆಲೆಟ್ ಹಾಕಿ, ಒಂದು ಹೊಡೆತ. ಮತ್ತೆ ಮಡಚು. ಬೇಸರದ ಕೆಲಸ, ಆದರೆ ಪೆಲೆಟ್ ಬಿಟ್ಟರೆ ಬೇರೆ ಖರ್ಚಿಲ್ಲ.

ಆಮೇಲೆ ಸೈಜಿನ ವಾದ. ಸಣ್ಣದು ತಗೊಂಡರೆ ಬ್ಯಾಗಿನಲ್ಲಿ ಹಿಡೀತದೆ ಅಂತ ಒಬ್ಬ, ಪೂರ್ತಿ ಸೈಜಿನದೇ ಬೇಕು ಅಂತ ಇನ್ನೊಬ್ಬ. ಇಲ್ಲಿ ಮಾತ್ರ ನಮ್ಮ ಓದು ಉಪಯೋಗಕ್ಕೆ ಬಂತು. 10 ಮೀಟರ್ ಪಿಸ್ತೂಲಿನ ಗುರಿಯಲ್ಲಿ ಹತ್ತರ ವೃತ್ತದ ಅಗಲ 11.5 ಮಿ.ಮೀ. ಪೆಲೆಟ್‌ನ ಅಂಚು ವೃತ್ತದ ಗೆರೆಗೆ ತಾಗಿದರೂ ಹತ್ತು ಅಂಕ. ಅಂದರೆ ಪೆಲೆಟ್‌ನ ನಡು ಗುರಿಯ ನಡುವಿನಿಂದ 8 ಮಿ.ಮೀ. ತಪ್ಪಿದರೂ ನಡೀತದೆ. ಪಿಸ್ತೂಲಿನ ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವೆ 320 ಮಿ.ಮೀ. ಇದ್ದರೆ, ಇಲ್ಲಿ ಕಾಲು ಮಿಲಿಮೀಟರ್ ವಾಲಿದರೆ ಅಲ್ಲಿ 8 ಮಿ.ಮೀ. ತಪ್ತದೆ. ಅದೇ ದೂರ ಅರ್ಧಕ್ಕೆ, 160ಕ್ಕೆ ಇಳಿದರೆ, ಕಾಲರ ಅರ್ಧದಷ್ಟು ವಾಲಿದರೂ ಹತ್ತು ಹೋಯ್ತು. ಎರಡು ಸೈಟ್ ದೂರ ದೂರ ಇದ್ದಷ್ಟೂ ಕಣ್ಣಿಗೆ ತಪ್ಪು ಬೇಗ ಕಾಣ್ತದೆ. ತೂಕವೂ ಅಷ್ಟೇ, ಭಾರದ ಪಿಸ್ತೂಲು ಸಣ್ಣ ನಡುಕಕ್ಕೆ ಬೇಗ ಅಲ್ಲಾಡೋದಿಲ್ಲ. ಹಾಗಂತ ಎಷ್ಟು ಬೇಕಾದರೂ ಭಾರ ಇರಬಾರದು. ಸ್ಪರ್ಧೆಯ ನಿಯಮದಲ್ಲಿ 1,500 ಗ್ರಾಂ ಮಿತಿ ಇದೆ, ಒಂದೇ ಕೈಯಲ್ಲಿ ಹಿಡಿಯಬೇಕು, 75 ನಿಮಿಷದಲ್ಲಿ 60 ಹೊಡೆತ. ಪೂರ್ತಿ ಸೈಜ್ ಗೆದ್ದಿತು.

ಕೊಳ್ಳೋ ಮೊದಲು ಒಮ್ಮೆ ಹಿಡಿದು ನೋಡೋಣ ಅಂತ ರಜೆಯಲ್ಲಿ ದೊಡ್ಡ ಊರೊಂದರ ಶೂಟಿಂಗ್ ರೇಂಜಿಗೆ ಹೋದೆವು. ಅಲ್ಲಿನ ಕೋಚ್ ಸರ್ ಒಳ್ಳೇ ಮನಸ್ಸಿನಿಂದ ಒಂದು ಗಂಟೆ ಕೊಟ್ಟರು. ಅವರು ಹೇಳಿದ ಪರೀಕ್ಷೆ ಬಹಳ ಸರಳ. ಪಿಸ್ತೂಲು ಹಿಡಿದು ಕಣ್ಣು ಮುಚ್ಚಿ, ಕೈ ಎತ್ತಿ ಗುರಿಯ ಕಡೆ ಚಾಚಿ. ಕಣ್ಣು ತೆರೆದಾಗ ಎರಡೂ ಸೈಟ್ ತಾವಾಗಿಯೇ ಒಂದು ಸಾಲಿನಲ್ಲಿ ಇದ್ದರೆ ಹಿಡಿ ನಿಮ್ಮ ಕೈಗೆ ಹೊಂದಿದೆ. ಮಣಿಕಟ್ಟು ತಿರುಗಿಸಿ ಸರಿ ಮಾಡಬೇಕಾಗಿ ಬಂದರೆ ಹೊಂದಿಲ್ಲ. ಇನ್ನೊಂದು ಮಾತು ಹೇಳಿದರು: ಕೈ ನಡುಗಿದರೆ ಹೆದರಬೇಡಿ, ಸೈಟ್ ಸಾಲು ತಪ್ಪಿದರೆ ಹೆದರಿ. ಸೈಟ್ ಸಾಲಾಗಿದ್ದು ಇಡೀ ಕೈ 5 ಮಿ.ಮೀ. ಸರಿದರೆ ಗುಂಡೂ 5 ಮಿ.ಮೀ. ಮಾತ್ರ ಸರೀತದೆ. ಅದಕ್ಕೇ ನೋಟ ಮುಂದಿನ ಸೈಟ್ ಮೇಲೆ ಇರಬೇಕು, ಗುರಿ ಮಸುಕಾಗಿ ಕಂಡರೆ ಕಾಣಲಿ.

ನಾವು ಮೂವರು ಕಣ್ಣು ಮುಚ್ಚಿ ಎತ್ತಿದೆವು, ಸರಿಯಾಗಿಯೇ ಬಂತು. ಬೀಳಗಿಯವನ ಸರದಿ ಬಂದಾಗ ಅವನು ಬಲಗೈಯಲ್ಲೇ ಹಿಡಿದ. ಆ ಪಿಸ್ತೂಲಿನ ಹಿಡಿ ಬಲಗೈಗೆ ಕೆತ್ತಿದ್ದು, ಎಡಗೈಗೆ ಕೂರೋದೇ ಇಲ್ಲ. ಕಣ್ಣು ತೆರೆದು, "ಛಲೋ ಐತ್ರಿ ಸರ್" ಅಂದ. ಸರ್‌ಗೆ ಅವನು ಎಡಗೈಯವ ಅಂತ ಗೊತ್ತಿಲ್ಲ. ನಮಗೆ ಗೊತ್ತಿತ್ತು. ನಮಗೆ ಹೊಳೆಯಲೇ ಇಲ್ಲ.

ಅಂಗಡಿಯಲ್ಲಿ ಆಧಾರ್ ತೋರಿಸಿ ಪಿಸ್ತೂಲು ತಂದೆವು. ಹೆಬ್ಬೆರಳು ಇಡಲು ಎಡಬದಿಗೆ ಉಬ್ಬು ಇರುವ ಹಿಡಿ. ನಾವು ಮೂವರು ಅದನ್ನು ನೋಡಿಯೇ ಖುಷಿಪಟ್ಟೆವು. ಇಡೋದು ಮುಧೋಳದ ಅಜ್ಜನ ಟ್ರಂಕಿನಲ್ಲಿ, ಬೀಗ ಹಾಕಿ, ಪೆಲೆಟ್ ಡಬ್ಬಿ ಬೇರೆ ಕಡೆ. ಹಾಸ್ಟೆಲ್‌ಗೆ ತರಬಾರದು ಅಂತ ಮೊದಲೇ ಕರಾರು. ಹೊಡೆಯೋದು ಬನಹಟ್ಟಿಯವನ ಕಾಕಾನ ಪವರ್‌ಲೂಮ್ ಶೆಡ್ಡಿನಲ್ಲಿ. ಅಲ್ಲಿ ಎರಡು ಮಗ್ಗ ಮಾರಿದ ಮೇಲೆ ಒಂದು ಸಾಲು ಖಾಲಿ ಬಿದ್ದಿತ್ತು. ಅಳೆದರೆ 12 ಮೀಟರ್. ಗೋಡೆಯ ಮುಂದೆ ಹಳೇ ಚಿಂದಿ ತುಂಬಿದ ಕಬ್ಬಿಣದ ಪೆಟ್ಟಿಗೆ, ಅದರ ಮುಂದೆ ನೆಲದಿಂದ 1.4 ಮೀಟರ್ ಎತ್ತರಕ್ಕೆ ಗುರಿ ಕಾಗದ. ಮಗ್ಗಕ್ಕೆ ರಜೆ ಇದ್ದ ದಿನ ಬಾಗಿಲು ಹಾಕಿಕೊಂಡು ಶುರು.

ಟ್ರಿಗರ್ ಪರೀಕ್ಷೆಯೂ ಮಾಡಿದೆವು. ಸ್ಪರ್ಧೆಯ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೀಬೇಕು ಅಂತ ನಿಯಮ. ಅಂದರೆ ಅರ್ಧ ಲೀಟರ್ ನೀರಿನ ಬಾಟಲಿಯಷ್ಟು ಹಗುರ ಇರಬಹುದು. ನಮ್ಮದಕ್ಕೆ ಎರಡು ಲೀಟರ್ ಬಾಟಲಿ ಕಟ್ಟಿದರೂ ಜಪ್ಪಯ್ಯ ಅನ್ನಲಿಲ್ಲ! ಗಟ್ಟಿ ಟ್ರಿಗರ್ ಎಳೆಯುವಾಗ ಇಡೀ ಕೈ ವಾಲ್ತದೆ, ಹಾಗಾಗಿ ಹಿಡಿ ಸರಿಯಾಗಿ ಕೂರೋದು ಇನ್ನೂ ಮುಖ್ಯ. ಪುಸ್ತಕದಲ್ಲಿ ಇಷ್ಟೆಲ್ಲ ಬರೆದಿಟ್ಟುಕೊಂಡೆವು ನೋಡಿ.

ಒಬ್ಬೊಬ್ಬರಿಗೆ 20 ಹೊಡೆತ, 200ಕ್ಕೆ ಅಂಕ. ಮೊದಲ ತಿಂಗಳ ಕೊನೆಗೆ ನಾವು ಮೂವರು 140ರ ಆಸುಪಾಸು ಬಂದೆವು. ಜಾತ್ರೆಯಲ್ಲಿ ಏಳು ಬಲೂನ್ ಒಡೆದವನು 112. ಮುಂದಿನ ವಾರ 109. "ಬಲೂನ್ ದೊಡ್ಡದು ಇತ್ತಲೇ" ಅಂತ ಚಾಷ್ಟಿ ಮಾಡಿದೆವು. ಅವನೂ ನಕ್ಕ. ಆಮೇಲೆ ಒಂದು ವಾರ ತಲೆನೋವು ಅಂದ, ಇನ್ನೊಂದು ವಾರ ಅಸೈನ್‌ಮೆಂಟ್ ಅಂದ. ಮೂರನೇ ವಾರ ಬಂದ, ಹೊಡೆಯಲಿಲ್ಲ, ನಮ್ಮ ಅಂಕ ಬರಕೊಂಡು ಕೂತ.

ಹಿಡಿದದ್ದು ಕಾಕಾ. ಚಹಾ ತಂದವರು ಅವನು ಬರೆಯೋದನ್ನು ನೋಡ್ತಾ ನಿಂತರು. "ಲೇ, ಈ ಹುಡುಗ ಎಡಗೈಲೆ ಬರೀತಾನಲ್ಲೋ?" "ಹೌದ್ರಿ ಕಾಕಾ." "ಮತ್ತ ಅದನ್ಯಾಕ ಬಲಗೈಲೆ ಹಿಡೀತಾನ?" ಯಾರೂ ಮಾತಾಡಲಿಲ್ಲ. ಕಾಕಾ ಕಿಟಕಿಯ ಮೇಲಿದ್ದ ನೂಲು ಕತ್ತರಿಸೋ ಕತ್ತರಿ ತೋರಿಸಿ, "ಇದನ್ನ ಎಡಗೈಲೆ ಹಿಡದು ಅರಿಬಿ ಕತ್ತರಿಸಿ ನೋಡ್ರಿ, ತಿಳೀತೈತಿ" ಅಂತ ಹೇಳಿ ಹೋದರು. ಕತ್ತರಿಸಿ ನೋಡಿದೆವು. ಬಟ್ಟೆ ಕತ್ತರಿಸಲಿಲ್ಲ, ಎರಡು ಅಲಗಿನ ನಡುವೆ ಮಡಚಿಕೊಂಡಿತು.

ಬೀಳಗಿಯವನನ್ನು ಕೇಳಿದೆವು, ಮೊದಲೇ ಯಾಕ ಹೇಳಲಿಲ್ಲ? ದುಡ್ಡು ನೀನೂ ಅಷ್ಟೇ ಕೊಟ್ಟೀಯಲ್ಲ? ಅವನು ಬಹಳ ಹೊತ್ತು ಹೇಳಲಿಲ್ಲ. ಕೊನೆಗೆ, "ನಾಕು ಮಂದ್ಯಾಗ ಮೂರು ಮಂದಿ ಬಲಗೈಯವ್ರು. ನಾ ಹೇಳಿದ್ರ ನಿಮ್ಮ ಆಟಾನೂ ಕೆಡ್ತಿತ್ತು. ಬಲಗೈಲೆ ರೂಢಿ ಮಾಡ್ಕೊಂಡ್ರಾತು ಅಂದ್ಕೊಂಡಿದ್ದೆ" ಅಂದ. ಸ್ವಲ್ಪ ತಡೆದು, "ನಾಕು ಮಂದಿಗೆ ಛಲೋ ಆಗ್ತಿದ್ರ ಒಬ್ಬಾಂವ ಸುಮ್ಮ ಇರಬೇಕು ಅಂತ ನಮ್ಮ ಮನ್ಯಾಗ ಕೇಳಕೋತನ ಬೆಳದೀನಿ" ಅಂತ ಸೇರಿಸಿದ.

ಅವರ ಹಳೇ ಊರು ಈಗ ಆಲಮಟ್ಟಿ ಹಿನ್ನೀರಿನಲ್ಲಿದೆ. ಮನೆ ಪುನರ್ವಸತಿ ಕೇಂದ್ರದಲ್ಲಿದೆ. ಬೀಳಗಿ ತಾಲ್ಲೂಕಿನಲ್ಲಿ ಇಂಥ ಮನೆಗಳು ಬಹಳ ಇವೆ. ಇದು ನಮಗೆ ಮೊದಲಿಂದ ಗೊತ್ತಿತ್ತು, ಅವನ ಮನೆಯಲ್ಲಿ ಊಟವೂ ಮಾಡಿದ್ದೀವಿ. ಒಂದು ಪಿಸ್ತೂಲಿನ ಹಿಡಿಗೂ ಆ ಮಾತಿಗೂ ಸಂಬಂಧ ಇರಬಹುದು ಅಂತ ಮಾತ್ರ ಅನ್ನಿಸಿರಲಿಲ್ಲ. ಆಣೆಕಟ್ಟಿಗೂ ಪಿಸ್ತೂಲಿಗೂ ಹೋಲಿಕೆ ಮಾಡೋದು ದೊಡ್ಡ ಮಾತಾಗ್ತದೆ, ನಾವು ಮಾಡೋದಿಲ್ಲ. ಆದರೆ ಆಣೆಕಟ್ಟಿಗೆ ಬೇರೆ ದಾರಿ ಇತ್ತೋ ಇಲ್ಲವೋ, ನಮಗಂತೂ ಬೇರೆ ದಾರಿ ಇತ್ತು. ಬಾಯಿ ತೆಗೆದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಹಿಡಿಯ ಎರಡೂ ಬದಿಗೆ ಒಂದೊಂದು ಸ್ಕ್ರೂ ಇತ್ತು, ಬಿಚ್ಚಿದೆವು. ಪ್ಲಾಸ್ಟಿಕ್ ಬದಿಗಳನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ದಪ್ಪ ಅಳೆದು, ಡ್ರಾಯಿಂಗ್ ಮಾಡಿ ಬಡಿಗೇರ ಹತ್ತಿರ ಹೋದೆವು. ಹೆಬ್ಬೆರಳಿನ ಉಬ್ಬು ತೆಗೆದು, ಎರಡೂ ಬದಿ ಒಂದೇ ಸಮ ಇರುವ ಹಾಗೆ ಸಾಗವಾನಿ ಕಟ್ಟಿಗೆಯಲ್ಲಿ ಮಾಡಿಸಿದೆವು. ಮೊದಲ ಜೋಡಿಗೆ ಸ್ಕ್ರೂ ತೂತು ಎರಡು ಮಿಲಿಮೀಟರ್ ಆಚೆ ಬಿತ್ತು. ತಪ್ಪು ನಮ್ಮ ಡ್ರಾಯಿಂಗಿನದೇ, ಇದನ್ನು ದಯವಿಟ್ಟು ನಮ್ಮ ಡ್ರಾಯಿಂಗ್ ಸರ್‌ಗೆ ಹೇಳಬೇಡಿ. ಎರಡನೇ ಜೋಡಿ ಕೂತಿತು. ಖರ್ಚು 600 ರೂಪಾಯಿ, ಅದನ್ನು ನಾವು ಮೂವರೇ ಹಂಚಿಕೊಂಡೆವು. ಬೀಳಗಿಯವ ಬ್ಯಾಡ ಅಂದ, ಕೇಳಲಿಲ್ಲ.

ಹೊಸ ಹಿಡಿಯಿಂದ ನಮ್ಮ ಮೂವರ ಅಂಕ ಐದಾರು ಇಳಿದವು. ಉಬ್ಬಿನ ಆಸರೆ ಹೋಯಿತಲ್ಲ. ಮತ್ತೆ ಮೇಲೆ ಬರಲು ಒಂದೂವರೆ ತಿಂಗಳು ಹಿಡಿಯಿತು. ಬೀಳಗಿಯವ ಎಡಗೈಯಲ್ಲಿ ಮೊದಲ ದಿನ 131, ಎರಡು ತಿಂಗಳಿಗೆ 151. ಈಗ ನಾಲ್ವರಲ್ಲಿ ಅವನೇ ಮುಂದೆ. ಅವನು ಮುಂದೆ ಬಾರದೆ 112ರಲ್ಲೇ ನಿಂತಿದ್ದರೂ ಹಿಡಿ ಬದಲಿಸಿದ್ದು ಸರಿಯೇ ಇರ್ತಿತ್ತು, ಈ ಮಾತನ್ನು ಅಂಕ ನೋಡಿ ಹೇಳ್ತಿಲ್ಲ.

ಓದಿದವರಲ್ಲಿ ಯಾರಿಗಾದರೂ ಈ ಆಟದ ಆಸೆ ಹುಟ್ಟಿದರೆ ನಮ್ಮ ಸಲಹೆ ಇಷ್ಟೇ. ಮೊದಲು ಯಾವುದಾದರೂ ರೇಂಜಿಗೆ ಹೋಗಿ ಹಿಡಿದು ನೋಡಿ. ಅಂಗೈಗಳನ್ನು ಮುಂದೆ ಚಾಚಿ ನಡುವೆ ಸಣ್ಣ ಕಿಂಡಿ ಮಾಡಿ ದೂರದ ವಸ್ತು ನೋಡಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ವಸ್ತು ಕಿಂಡಿಯಲ್ಲೇ ಉಳೀತದೋ ಅದು ನಿಮ್ಮ ಗುರಿಯ ಕಣ್ಣು. ಆಮೇಲೆ ಕೈ, ಆಮೇಲೆ ಹಿಡಿ, ಆಮೇಲೆ ಸೈಟ್‌ಗಳ ನಡುವಿನ ದೂರ, ಆಮೇಲೆ ಟ್ರಿಗರ್, ಆಮೇಲೆ ತೂಕ. ರೂಪ ಕಟ್ಟಕಡೆಗೆ. ಸ್ಪ್ರಿಂಗ್ ಪಿಸ್ತೂಲಾದರೆ ಪೆಲೆಟ್ ಇಲ್ಲದೆ ಹಾರಿಸಬೇಡಿ, ಒಳಗಿನ ಸೀಲ್ ಹಾಳಾಗ್ತದೆ. ಖಾಲಿ ಇದ್ದರೂ ಯಾರ ಕಡೆಗೂ ತಿರುಗಿಸಬೇಡಿ. ಕನ್ನಡಕ ಮರೀಬೇಡಿ. ನಾಲ್ಕು ಮಂದಿ ಕೂಡಿ ಕೊಳ್ಳೋದಾದರೆ, ಸುಮ್ಮನೆ ಕೂತವನನ್ನು ಎರಡು ಸಲ ಕೇಳಿ.

ಮೊನ್ನೆ ಮುಧೋಳದ ಅಜ್ಜನಿಗೆ ಈ ಕಥೆಯೆಲ್ಲ ಹೇಳಿದೆವು. "ಯಾರ ಕೈಗೆ ಅಂತ ನಾ ಅವತ್ತ ಕೇಳಿದ್ನೆಲ್ಲೋ" ಅಂದರು. ಹೌದು, ಕೇಳಿದ್ದರು. ಮುಂದಿನ ವರ್ಷ ದುಡ್ಡು ಕೂಡಿದರೆ ಇನ್ನೊಂದು ಒಳ್ಳೇ ಪಿಸ್ತೂಲು ಕೊಳ್ಳೋ ವಿಚಾರ ಇದೆ. ಈ ಸಲ ಮೊದಲು ಅಳೆಯೋದು ಬೀಳಗಿಯವನ ಕೈ.